ರಸ್ತೆಯಲ್ಲಿ ನಿಂತು ಕೈಮುಗಿದವರು

ತಂಗಿಯ ಮಗಳು ಹೆತ್ತಿದ್ದಾಳೆ. ಮೊನ್ನೆ ಅವಳ ಬಾಣಂತಿ ಖಾರಕ್ಕೆಂದು ಸಾಮಾನು ಹುರಿಯುತ್ತಿದ್ದೆ. ಈ ಸಲ ತಂದ ಪೊಟ್ಟಣದಲ್ಲಿ ಚಕ್ಕೆ ಬೇರೆ ಥರ ಇತ್ತು. ನಾವು ದಿನಾ ಬಳಸುವ ದಪ್ಪ, ಒರಟು ತೊಗಟೆಯಲ್ಲ. ಕಾಗದವನ್ನು ಪದರದ ಮೇಲೆ ಪದರವಾಗಿ ಸುತ್ತಿಟ್ಟಂಥ ತೆಳು ಕಡ್ಡಿ. ಮುರಿದರೆ ಬೆರಳಲ್ಲೇ ಪುಡಿಯಾಯಿತು. ಬಾಣಲೆಗೆ ಬಿದ್ದದ್ದೇ ತಡ, ಸಿಹಿಸಿಹಿಯಾದ ವಾಸನೆ ಎದ್ದು, ಸೌಟು ಹಿಡಿದ ಕೈ ಹಾಗೇ ನಿಂತಿತು. ಇದೇ ವಾಸನೆ ಅಂಗಿಗೆ ಅಂಟಿಸಿಕೊಂಡು ಒಬ್ಬರು ನನ್ನ ಅಂಗಡಿಯ ಬೆಂಚಿನ ಮೇಲೆ ವಾರಗಟ್ಟಲೆ ಕೂತಿದ್ದರು...

ನನ್ನದು ಆನೇಮಹಲಿನಲ್ಲಿ ಹೆದ್ದಾರಿಗೆ ಮುಖ ಮಾಡಿದ ಸಣ್ಣ ಮೆಡಿಕಲ್ ಸ್ಟೋರ್. ತವರು ಪಾಳ್ಯದ ಕಡೆ. ಮದುವೆಯಾಗಿ ಬಂದು ಅಂಗಡಿ ಹಾಕಿದಾಗಿನಿಂದ ಸುತ್ತಲಿನ ಎಸ್ಟೇಟಿನವರಿಗೆಲ್ಲ ನಾನು ‘ಮೆಡಿಕಲ್ ಅಕ್ಕ’. ಇಲ್ಲಿಂದ ಮೂರು ಮೈಲಿ ಒಳಗಿರುವ ಒಂದು ಎಸ್ಟೇಟಿನ ಸಾಹುಕಾರರು ಕಾಫಿ ಗಿಡಗಳ ನಡುವೆ ದಾಲ್ಚಿನ್ನಿ ಬೆಳೆಸಿದ್ದರು. ಬೆಳೆಸಿದ್ದೇನೋ ಆಯಿತು, ಅದನ್ನು ಹದವಾಗಿ ಸುಲಿಯುವುದು ಇಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದನ್ನು ಕಲಿಸಲು ಶ್ರೀಲಂಕಾದಿಂದ ಅವರನ್ನು, ನನ್ನ ಬೆಂಚಿನ ಮೇಲೆ ಕೂರುತ್ತಿದ್ದವರನ್ನು, ಕರೆಸಿದ್ದರು. ಐವತ್ತೈದರ ಆಸುಪಾಸಿನ, ಸಣಕಲು ಮೈಯ ಮನುಷ್ಯ. ಕೊಂಬೆಯ ಮೇಲ್ಸಿಪ್ಪೆ ಹೆರೆದು, ಹಿತ್ತಾಳೆ ಸರಳಿನಿಂದ ನಯವಾಗಿ ಉಜ್ಜಿ, ಒಳಗಿನ ತೊಗಟೆಯನ್ನು ಎಲ್ಲೂ ಹರಿಯದಂತೆ ಒಂದೇ ಎಳೆಗೆ ಬಿಡಿಸುತ್ತಿದ್ದರಂತೆ. ಕೂಲಿ ಲೈನಿನ ಮನೆಗಳ ಹೆಂಗಸರು ಅವರಿಗೆ ‘ಚಕ್ಕೆ ಮೇಷ್ಟ್ರು’ ಎಂದು ಹೆಸರಿಟ್ಟರು. ಊರಿಗೂ ಅದೇ ಹೆಸರಾಯಿತು.

ಅವರಿಗೆ ತಮಿಳು ಅಷ್ಟಿಷ್ಟು ಬರುತ್ತಿತ್ತು, ಲೈನಿನವರ ಸಹವಾಸದಿಂದ ನನಗೂ ಬರುತ್ತಿತ್ತು. ಕೆಲವೇ ದಿನಕ್ಕೆ ಕನ್ನಡವನ್ನೂ ಮುರಿದು ಮುರಿದು ಆಡತೊಡಗಿದರು. ಅಮ್ಮ, ಅಕ್ಕ ಎನ್ನುವುದಕ್ಕೆ ಸಿಂಹಳದಲ್ಲೂ ಅಮ್ಮ, ಅಕ್ಕಾನೇ ಎಂದು ಹೇಳಿ ಖುಷಿಪಟ್ಟಿದ್ದರು. ಆದರೆ ನಾನು ವಯಸ್ಸಿನಲ್ಲಿ ಚಿಕ್ಕವಳು, ಹಾಗಾಗಿ ‘ನಂಗಿ’ ಎಂದು ಕರೆಯುತ್ತಿದ್ದರು. ನಂಗಿ ಅಂದರೆ ತಂಗಿ.

ಆ ವರ್ಷ ಅವರ ದೇಶ ಕುಸಿದು ಕೂತಿತ್ತು. ಟೀವಿಯಲ್ಲಿ ನಾವೂ ನೋಡುತ್ತಿದ್ದೆವು... ಪೆಟ್ರೋಲಿಗೆ ಮೈಲುದ್ದದ ಸಾಲು, ಗ್ಯಾಸಿಗೆ ಸಾಲು, ಹಾಲಿನ ಪುಡಿಗೆ ಸಾಲು. ನೋಡಿ ಅಯ್ಯೋ ಪಾಪ ಎಂದು ಚಾನೆಲ್ ಬದಲಾಯಿಸುತ್ತಿದ್ದೆವು. ನನಗೆ ಅದು ಟೀವಿಯಿಂದ ಇಳಿದು ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಅವರು ಖಾಲಿಯಾದ ಮಾತ್ರೆ ಶೀಟೊಂದನ್ನು ಗಾಜಿನ ಮೇಲೆ ಇಟ್ಟಾಗ. ಅದು ಫಿಟ್ಸ್ ಮಾತ್ರೆ. ಹದಿನಾಲ್ಕು ವರ್ಷದ ಮಗಳಿಗೆ. ಅಲ್ಲಿನ ಆಸ್ಪತ್ರೆಗಳಲ್ಲಿ ಖಾಲಿ, ಅಂಗಡಿಗಳಲ್ಲೂ ಖಾಲಿ. ಮನೆಯಲ್ಲಿ ಉಳಿದದ್ದು ಹನ್ನೆರಡು ಮಾತ್ರೆ. ಹೆಂಡತಿ ಅರ್ಧರ್ಧ ಮುರಿದು ಕೊಡುತ್ತಿದ್ದಾಳೆ ಎಂದರು. ಅರ್ಧ ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಮಾತ್ರೆ ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಆದರೆ ಅವರ ಹತ್ತಿರ ಇದ್ದದ್ದು ಫೋನಿನಲ್ಲಿ ತೆಗೆದ, ಹೊರದೇಶದ ಡಾಕ್ಟರ ಚೀಟಿಯ ಮಸುಕು ಫೋಟೋ. ಹಿಂದಿನ ತಿಂಗಳಷ್ಟೇ ಔಷಧಿ ಇಲಾಖೆಯಿಂದ ತಪಾಸಣೆಗೆ ಬಂದವರು ಇಂಥದ್ದೇ ವಿಷಯಕ್ಕೆ ನನ್ನನ್ನು ಗದರಿಸಿ ಹೋಗಿದ್ದರು.

“ಇಲ್ಲಿನ ಡಾಕ್ಟರ ಚೀಟಿ ಇಲ್ದೆ ಕೊಡಂಗಿಲ್ಲ ಮೇಷ್ಟ್ರೇ” ಎಂದೆ.

ಅವರು ಜಗಳವಾಡಲಿಲ್ಲ. ಬೇಡಿಕೊಳ್ಳಲೂ ಇಲ್ಲ. “ಸರಿ ನಂಗಿ” ಎಂದು ಶೀಟನ್ನು ಮಡಚಿ ಜೇಬಿಗಿಟ್ಟುಕೊಂಡು ಬಿಸಿಲಲ್ಲಿ ಹೊರಟರು. ನಾನು ಮುಂದಿನವರಿಗೆ ಕೆಮ್ಮಿನ ಔಷಧಿ ಕೊಟ್ಟೆ.

ಮಾರನೆಯ ದಿನ ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಬೆಳಿಗ್ಗೆಯೇ ಬೈಕ್ ನಿಲ್ಲಿಸಿದ. ಹೆಲ್ಮೆಟ್ ತೆಗೆಯುವುದಕ್ಕೂ ಮೊದಲೇ ಶುರು ಮಾಡಿದ. “ಏನಕ್ಕ ನೀನು? ಆವಯ್ಯ ನಿನ್ನೆಯಿಂದ ಒಂದು ತುತ್ತು ಉಂಡಿಲ್ಲ ಕಣಕ್ಕ. ಚಕ್ಕೆ ಶೆಡ್ಡಲ್ಲಿ ಹಂಗೇ ಕುಂತ್‌ಬುಟ್ಟವ್ರೆ. ಮಗಳ ಮಾತ್ರೆಗೆ ನೀನು ಚೀಟಿ ಕೇಳ್ದೆಯಂತಲ್ಲ.”

ನಾಚಿಕೆಯಾಯಿತು. ಅಂಗಡಿ ಬಾಗಿಲು ಎಳೆದು, ಮೇಷ್ಟ್ರನ್ನು ಕರೆತರಿಸಿ, ಸಕಲೇಶಪುರಕ್ಕೆ ಹೋಗಿ ನನಗೆ ಪರಿಚಯದ ಡಾಕ್ಟರ ಮುಂದೆ ಕೂರಿಸಿದೆ. ಡಾಕ್ಟರು ಫೋಟೋ ಹಿಗ್ಗಿಸಿ ನೋಡಿ, ಅಲ್ಲಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಚೀಟಿ ಬರೆದರು. ಹತ್ತು ನಿಮಿಷದ ಕೆಲಸ. ಹಿಂದಿನ ದಿನವೇ ಮಾಡಬಹುದಾಗಿದ್ದ ಕೆಲಸ.

“ನೀವೇ ತಗೊಂಡು ಹೊರಟುಬಿಡಿ” ಎಂದೆ. ಮೇಷ್ಟ್ರು ಆಗುವುದಿಲ್ಲವೆಂದು ತಲೆಯಾಡಿಸಿದರು. ಊರಿನಲ್ಲಿ ಕೆಲಸವೆಲ್ಲ ನಿಂತು, ಹೆಂಡತಿ, ಮಗಳು, ಹಾಸಿಗೆ ಹಿಡಿದ ತಾಯಿ, ಮೂವರೂ ಇಲ್ಲಿನ ಸಂಬಳದಲ್ಲೇ ಉಣ್ಣುತ್ತಿದ್ದರು. “ನಾನು ಹೋದರೆ ಮಾತ್ರೆ ಬರುತ್ತೆ, ಅನ್ನ ನಿಲ್ಲುತ್ತೆ” ಎಂದರು. ಕೊನೆಗೆ ಪಾರ್ಸೆಲ್ ಮಾಡಿದೆವು. ಮನೆಯ ವಿಳಾಸ ಅವರು ಬರೆದರು, ಕಳುಹಿಸುವವರ ಜಾಗದಲ್ಲಿ ನನ್ನ ಅಂಗಡಿಯ ವಿಳಾಸವನ್ನು ನಾನೇ ಬರೆದೆ.

ಆಮೇಲೆ ಕಾಯುವುದು ಶುರುವಾಯಿತು. ಎಸ್ಟೇಟಿನೊಳಗೆ ಸಿಗ್ನಲ್ ಇರಲಿಲ್ಲ. ದಿನಾ ಕೆಲಸ ಮುಗಿಸಿ ಮೂರು ಮೈಲಿ ನಡೆದು ಬಂದು ನನ್ನ ಬೆಂಚಿನ ಮೇಲೆ ಕೂತು ಫೋನ್ ಹಚ್ಚುತ್ತಿದ್ದರು. ಅಲ್ಲಿ ಕರೆಂಟಿಲ್ಲ, ಹೆಂಡತಿಯ ಫೋನ್ ಚಾರ್ಜಿಲ್ಲ. ಹತ್ತು ಸಲ, ಇಪ್ಪತ್ತು ಸಲ. ಹೆದ್ದಾರಿಯಲ್ಲಿ ಟ್ಯಾಂಕರುಗಳು ಹೋಗುತ್ತಿದ್ದರೆ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನ್ ಒತ್ತಿಕೊಂಡಿರುತ್ತಿದ್ದರು. ಸಿಕ್ಕ ದಿನ ಸಿಗದ ದಿನಕ್ಕಿಂತ ಕೆಟ್ಟದಾಗಿರುತ್ತಿತ್ತು. ಮಗಳಿಗೆ ಇವತ್ತು ಮೂರು ಸಲ ಬಂತು. ಇವತ್ತು ಐದು ಸಲ. ಇವತ್ತು ಬಿದ್ದು ಹಲ್ಲು ಮುರಿಯಿತು. ನಾನು ಕಾಫಿ ಕೊಟ್ಟರೆ ಕೈಯಲ್ಲಿ ಹಿಡಿದೇ ಆರಿಸುತ್ತಿದ್ದರು. ಒಂದು ದಿನ ಫೋನಿಟ್ಟು, “ನಂಗಿ, ಮಗಳು ನನ್ನ ಹೆಸರು ಮರೆತಿದ್ದಾಳಂತೆ” ಎಂದರು. ನಾನು ಮತ್ತೆ ಪೋಸ್ಟ್ ಆಫೀಸಿಗೆ ಫೋನ್ ಹಚ್ಚಿದೆ. ಪಾರ್ಸೆಲ್ ಎಲ್ಲಿದೆಯೆಂದು ಕೇಳಿಕೇಳಿ ಪೋಸ್ಟ್ ಆಫೀಸಿನವರಿಗೂ ಸಾಕಾಗಿತ್ತು.

ಹುಡುಗಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಡೀಸೆಲ್ ಇಲ್ಲದೆ ಆಂಬ್ಯುಲೆನ್ಸ್ ಬರಲಿಲ್ಲವಂತೆ, ಯಾರದೋ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋದರಂತೆ. ವಾರ್ಡಿನಲ್ಲಿ ಒಟ್ಟು ಒಂಬತ್ತು ಮಕ್ಕಳು, ಎಲ್ಲರಿಗೂ ಹೆಚ್ಚುಕಡಿಮೆ ಇದೇ ಕಾಯಿಲೆ, ಯಾರಿಗೂ ಔಷಧಿಯಿಲ್ಲ. ನರ್ಸುಗಳು ಮಕ್ಕಳನ್ನು ಹಿಡಿದುಕೊಂಡು ಕೂರುತ್ತಿದ್ದರಂತೆ, ಅಷ್ಟೇ.

ಹೀಗೇ ಒಂದು ಸಂಜೆ ಫೋನ್ ಮೊದಲ ಸಲಕ್ಕೇ ಸಿಕ್ಕಿತು. ಅವರು ಎದ್ದು ನಿಂತರು. ಸಿಂಹಳದಲ್ಲಿ ಏನೋ ಕೇಳಿದರು, ಮತ್ತೆ ಕೇಳಿದರು, ಆಮೇಲೆ ಫೋನ್ ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದರು. “ಇಂಡಿಯಾದ ಹಡಗು ಬಂದಿದೆ ನಂಗಿ. ಔಷಧಿ. ವಾರ್ಡಿಗೆ ಬಂದಿದೆ. ನಿಮ್ಮ ದೇಶದ್ದು!”

ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದವರು ಆರೇಳು ಜನ ಇದ್ದರು. ಹಾಲಿನ ಡೈರಿಯವರು, ಗಾರೆ ಕೆಲಸದ ಇಬ್ಬರು, ಕೂಸು ಎತ್ತಿಕೊಂಡ ಒಬ್ಬ ಹೆಂಗಸು. ಮೇಷ್ಟ್ರು ನೇರ ರಸ್ತೆಯ ಅಂಚಿಗೆ ಹೋಗಿ ಒಬ್ಬೊಬ್ಬರ ಮುಂದೆಯೂ ನಿಂತು ಕೈಮುಗಿದರು. “ನಿಮ್ಮಿಂದ ಔಷಧಿ ಬಂತು. ಅಕ್ಕಿ ಕೊಟ್ಟಿರಿ, ಹಾಲಿನ ಪುಡಿ ಕೊಟ್ಟಿರಿ, ಈಗ ಔಷಧಿ ಕೊಟ್ಟಿರಿ” ಎಂದು ಮುರುಕು ಕನ್ನಡದಲ್ಲಿ. ಜನ ತಬ್ಬಿಬ್ಬಾದರು. ಡೈರಿಯವರು “ಅಯ್ಯೋ, ನಾನೇನು ಕೊಟ್ಟೆ ಮಾರಾಯ್ರೇ, ಬಿಡಿ ಬಿಡಿ” ಎಂದು ಹಿಂದೆ ಸರಿದರು. ಆ ಹೆಂಗಸು ಮಾತ್ರ ಕೂಸನ್ನು ಒಂದು ಕಂಕುಳಿಗೆ ಸರಿಸಿಕೊಂಡು, “ಮಗ್ಳು ಹುಷಾರಾಗ್ಲಿ ಬುಡಿ ಅಣ್ಣ” ಎಂದಳು. ಬಸ್ಸು ಬಂದಾಗ ಕಂಡಕ್ಟರಿಗೂ ಕೈಮುಗಿದರು. ಅವನು ಏನು ತಿಳಿದುಕೊಂಡನೋ, ತಾನೂ ಮುಗಿದು ಸೀಟಿ ಊದಿದ.

ನಾವು ಯಾವತ್ತಾದರೂ ನಮ್ಮನ್ನು ಒಂದು ದೇಶ ಎಂದುಕೊಂಡು ಬಸ್ಸಿಗೆ ಕಾದಿದ್ದೇವೆಯೇ? ಹಡಗು ಕಳಿಸಿದ್ದು ಯಾರೋ, ಅದರಲ್ಲಿ ಏನಿತ್ತೋ ನಮಗೆ ಗೊತ್ತೂ ಇರಲಿಲ್ಲ. ಆದರೆ ಅವರಿಗೆ ಅಲ್ಲಿ ನಿಂತಿದ್ದ ಆರೇಳು ಜನವೇ ಇಂಡಿಯಾ ಆಗಿತ್ತು. ಅವರ ಕೈ ನನ್ನ ಕಡೆ ತಿರುಗಿದಾಗ ನಾನು ಏನೋ ಹುಡುಕುವವಳಂತೆ ಕಪಾಟಿನತ್ತ ಬಗ್ಗಿಬಿಟ್ಟೆ.

ನಾಲ್ಕು ದಿನ ಚೆನ್ನಾಗಿತ್ತು. ಮೂರನೆಯ ದಿನ ಹುಡುಗಿಯೇ ಫೋನಿನಲ್ಲಿ ಮಾತಾಡಿದಳು. ಅಪ್ಪ ಎನ್ನುವುದಕ್ಕೆ ಅವರಲ್ಲಿ ‘ತಾತ್ತಾ’ ಅಂತಾರೆ; ಅದೊಂದೇ ಪದ ನನಗೆ ತಿಳಿದದ್ದು, ಅದನ್ನೇ ಅವಳು ಮತ್ತೆ ಮತ್ತೆ ಅಂದಳು. ಅವರು ಆ ಸಂಜೆ ನನ್ನ ಕಾಫಿಯನ್ನು ಬಿಸಿಬಿಸಿಯಾಗಿ ಕುಡಿದರು.

ಐದನೆಯ ದಿನ ಮಳೆ ಹಿಡಿದಿತ್ತು. ಮಧ್ಯಾಹ್ನಕ್ಕೆ ಮೊದಲೇ ಎಸ್ಟೇಟಿನ ಜೀಪು ಬಂದು ಅಂಗಡಿ ಮುಂದೆ ನಿಂತಿತು. ಓಡಿಸುತ್ತಿದ್ದ ರೈಟರ್ ಇಳಿಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮೇಷ್ಟ್ರು ಇಳಿದು ಬಂದರು. ಕೈಯಲ್ಲಿ ಒಂದು ಚೀಲ. ನನಗೆ ಅರ್ಥವಾಯಿತು. ಸಾಹುಕಾರರ ಬಂಗಲೆಯ ಲ್ಯಾಂಡ್‌ಲೈನಿಗೆ ಹೆಂಡತಿಯ ಫೋನ್ ಬಂದಿತ್ತಂತೆ. ಬೆಳಗಿನ ಜಾವ ಬಂದ ಫಿಟ್ಸು, ಔಷಧಿ ಕೊಟ್ಟರೂ ನಿಲ್ಲಲಿಲ್ಲವಂತೆ. ತುಂಬಾ ದಿನ ಮಾತ್ರೆ ತಪ್ಪಿ ಮೆದುಳೇ ಸೋತುಹೋಗಿತ್ತು ಎಂದರಂತೆ ಡಾಕ್ಟರು.

ಮೇಷ್ಟ್ರು ಅಳುತ್ತಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮತ್ತೆ ಕೈಮುಗಿದರು. “ವಾರ್ಡಲ್ಲಿ ಒಂಬತ್ತು ಮಕ್ಕಳು ನಂಗಿ. ಎಂಟು ಮಕ್ಕಳು ಮನೆಗೆ ಹೋಗುತ್ತವಂತೆ. ನಿಮ್ಮವರ ಔಷಧಿ. ನನ್ನ ಹೆಂಡತಿ ಹೇಳು ಅಂದಳು, ಹೇಳಿ ಬಾ ಅಂದಳು.”

ನನಗೆ ತಡೆಯಲಾಗಲಿಲ್ಲ. “ಮೇಷ್ಟ್ರೇ, ಅವತ್ತು ನೀವು ಬಂದಾಗ ನನ್ನ ಹಿಂದೇನೇ ಮಾತ್ರೆ ಇತ್ತು. ನಾನು ಕೊಡಲಿಲ್ಲ” ಎಂದೆ. ಇನ್ನೂ ಏನೇನೋ ಹೇಳುವುದಿತ್ತು...

“ನೋಡಿದ್ದೆ” ಎಂದರು. “ಶೀಟಿನ ಬಣ್ಣ ಗೊತ್ತಲ್ಲ ನನಗೆ.” ಆಮೇಲೆ, “ಮಾರನೇ ದಿನ ನೀನೇ ಅಂಗಡಿ ಮುಚ್ಚಿ ಬಂದೆ. ಅದೂ ನೋಡಿದ್ದೇನೆ” ಎಂದು ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಜೀಪು ಹತ್ತಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂರು ತಿಂಗಳಾದ ಮೇಲೆ ಪಾರ್ಸೆಲ್ ವಾಪಸ್ ಬಂತು, ಮೈತುಂಬ ಮುದ್ರೆ ಹೊಡೆಸಿಕೊಂಡು, ಬಿಚ್ಚದೆ. ಅವತ್ತೇ ಕೊಟ್ಟಿದ್ದರೂ ಅದು ತಲುಪುತ್ತಿರಲಿಲ್ಲ ಎಂದು ಮನೆಯವರು ಸಮಾಧಾನ ಹೇಳಿದರು. ನಿಜವೇ ಇರಬಹುದು. ಆದರೂ ಚೀಟಿಯಿಲ್ಲ ಎಂದು ಯಾರನ್ನಾದರೂ ಹಿಂದಕ್ಕೆ ಕಳಿಸುವಾಗ, ಅವರು ರಸ್ತೆ ದಾಟಿ ಮರೆಯಾಗುವ ತನಕ ನನಗೆ ಬೇರೆ ಕೆಲಸ ಹಿಡಿಸುವುದಿಲ್ಲ.

ಮೇಷ್ಟ್ರು ತಿರುಗಿ ಬರಲಿಲ್ಲ. ಮೊನ್ನೆ ಖಾರ ಹುರಿಯುವುದನ್ನು ಅರ್ಧಕ್ಕೇ ನಿಲ್ಲಿಸಿ, ರೈಟರಿಗೆ ಫೋನ್ ಮಾಡಿ ಅವರ ಮನೆಯ ನಂಬರ್ ಇಸಿದುಕೊಂಡೆ. ರಿಂಗಾಯಿತು. ಒಬ್ಬ ಹೆಂಗಸು ಎತ್ತಿದಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಅವರ ಹೆಸರು ಹೇಳಿದೆ. “ಇಂಡಿಯಾ” ಎಂದೆ. ಆಗ ಅವಳು ಒಂದು ಉಸಿರು ಎಳೆದುಕೊಂಡು ಏನೋ ಹೇಳಿದಳು, ಕೊನೆಯಲ್ಲಿ “ನೆ... ನೆ” ಎಂದಳು. ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡೇ ಇದ್ದೆವು. ಅವಳೂ ಇಡಲಿಲ್ಲ, ನಾನೂ ಇಡಲಿಲ್ಲ.

ಆ ‘ನೆ’ ಎಂಬುದರ ಅರ್ಥವನ್ನು ಆಮೇಲೆ ಫೋನಿನಲ್ಲೇ ಹುಡುಕಿದೆ. ಇಲ್ಲ ಎಂದಂತೆ. ಅವರು ಮನೆಯಲ್ಲಿ ಇಲ್ಲ ಎಂದಳೋ, ಇನ್ನಿಲ್ಲ ಎಂದಳೋ... ಮತ್ತೆ ಫೋನ್ ಮಾಡಿ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.