ಇನ್ನೂರ ಮೂರನೇ ಪುಟ

ನೀವು ಇದನ್ನು ನಂಬಬೇಡಿ. ಪಂದ್ಯ ಬೇಕಾದರೂ ಕಟ್ಟುತ್ತೇನೆ, ಕೊನೆಯ ಸಾಲಿನ ತನಕ ನಂಬದೆ ಇರುವುದು ನಿಮ್ಮ ಕೈಲಾಗುವುದಿಲ್ಲ. ನಾನೂ ಇಂಥದ್ದನ್ನು ನಂಬುವ ಆಸಾಮಿಯಲ್ಲ. ಮಸ್ಕಿಯ ಹುಣಸೆಮರದ ದೆವ್ವದ ಬಗ್ಗೆ ಜನ ಎರಡು ವರ್ಷ ಮಾತಾಡಿದರಲ್ಲ, ಆ ದೆವ್ವ ನಾನೇ. ಒಂದು ಬಿಳಿ ಧೋತರ, ಒಂದು ಕಂದೀಲು, ಅಷ್ಟೇ ಬಂಡವಾಳ. ಆ ಧಂದೆಯ ಒಳಗುಟ್ಟು ಬಲ್ಲವನು ದೆವ್ವಕ್ಕೆ ಹೆದರುತ್ತಾನೆಯೇ?

ನಾನು ಮಸ್ಕಿಯಲ್ಲಿ ಇಂಗ್ಲಿಷ್ ಮಾಸ್ತರ. ಇಡೀ ಲಿಂಗಸುಗೂರು ತಾಲ್ಲೂಕಿನಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವನು ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳಲಿಲ್ಲ.

ಕಾಸಿಂ ಮತ್ತು ನಾನು ಲಿಂಗಸುಗೂರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಅಲ್ಲಿಯ ಬೀರುವಿನಲ್ಲಿ, ಹಿಂದೆ ಊರಲ್ಲಿದ್ದ ದಂಡಿನ ಛಾವಣಿಯ ಬಿಳಿ ಸಾಹೇಬರು ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕಗಳಿದ್ದವು. ಓದಲು ನಮಗಿನ್ನೂ ಬಾರದು, ಸುಮ್ಮನೆ ಬಿಡಲು ಮನಸ್ಸು ಬಾರದು. ಮೊದಲ ಪುಟದಲ್ಲಿ ‘ನನ್ನ ಹೆಸರು ಬೇಕಾದರೆ 38ನೇ ಪುಟ ನೋಡು’ ಎಂದು ಬರೆಯುವುದು. ಅಲ್ಲಿ ಹೋದರೆ ‘112 ನೋಡು’. ಅಲ್ಲಿಂದ ‘203 ನೋಡು’. ಅಲ್ಲಿ ‘ನಿನಗೆ ಬೇರೆ ಕೆಲಸ ಇಲ್ಲೇನು ಕತ್ತೆ’. ನೀವೂ ಬರೆದವರೇ, ಸುಮ್ಮನಿರಿ. ನಮ್ಮಲ್ಲಿ ಪುಟದ ಸಂಖ್ಯೆ ಬರೆಯುವುದು ನನ್ನ ಪಾಲು, ಕೊನೆಯ ಬೈಗುಳ ಕಾಸಿಮನ ಪಾಲು. ಅವನು ಮೊದಲು ಉರ್ದು ಶಾಲೆಯಲ್ಲಿ ಕಲಿತವನು. ಕನ್ನಡ ಬರೆದರೂ ವಾಕ್ಯದ ಕೊನೆಗೆ ಚುಕ್ಕೆ ಇಡದೆ ಉರ್ದುವಿನಂತೆ ಪುಟ್ಟ ಗೆರೆ ಎಳೆಯುತ್ತಿದ್ದ. ನನ್ನನ್ನು ಊರ ಹೆಸರಿನಿಂದಲೇ ‘ಮಸ್ಕಿ’ ಎಂದು ಕರೆಯುತ್ತಿದ್ದ.

ಮದುವೆಯಾದ ಮೇಲೆ ಅವನು ಸಿಂಧನೂರಿಗೆ ಹೋಗಿ ಪುಸ್ತಕದಂಗಡಿ ಇಟ್ಟ. ಪಾಸಾದ ಹುಡುಗರಿಂದ ಬೇಸಿಗೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಂಡು, ಹರಿದದ್ದಕ್ಕೆ ಮೈದಾ ಅಂಟು ಹಚ್ಚಿ, ಹೊಸ ರಟ್ಟು ಹಾಕಿ, ಜೂನಿನಲ್ಲಿ ಅರ್ಧ ಬೆಲೆಗೆ ಮಾರುವುದೇ ಅವನ ವರ್ಷದ ದುಡಿಮೆ. ಎಂಬತ್ತೈದರ ಸುಮಾರಿನ ಒಂದು ಜೂನಿನಲ್ಲಿ ನಾನು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಚಹದಂಗಡಿಯಲ್ಲಿ ಪಕ್ಕದ ಗೊರೇಬಾಳ ಹಳ್ಳಿಯ ನಾಲ್ಕು ಜನ ಕೂತಿದ್ದರು. ನನ್ನ ನಾಲಿಗೆ ತುರಿಸಿತು. “ಈ ವರ್ಷ ಪುಸ್ತಕ ಎಲ್ಲಾ ಬದಲಿ ಆಗ್ಯಾವ್ರೀ. ಹಳೇವು ತಗೊಂಡ್ರ ಹುಡುಗ್ರು ನಪಾಸ್” ಎಂದೆ. ಸಂಜೆ ಕಾಸಿಮನಿಗೆ ಹೇಳಿ ಇಬ್ಬರೂ ನಗುವುದೆಂದು ಲೆಕ್ಕ. ಅಷ್ಟರಲ್ಲಿ ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ತಕ್ಷಣ ಬರಬೇಕೆಂದು ಹೇಳಿಕೆ ಬಂತು, ಹೋದೆ, ಮರೆತೆ. ಎಂಟು ದಿನ ಬಿಟ್ಟು ಬಂದಾಗ ಸುದ್ದಿ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ತನಕ ಮುಟ್ಟಿತ್ತು. ಹೊಸ ರಟ್ಟಿನ ಹಳೆಯ ಪುಸ್ತಕಗಳು ಅಂಗಡಿಯ ತುಂಬ ಹಾಗೇ ಇದ್ದವು.

“ಮಾಸ್ತರ ಹೇಳ್ಯಾರ ಅಂತ ಎಲ್ಲಾರೂ ನಂಬ್ಯಾರ. ನಾನೂ ನಿನ್ನ ನಂಬಿದ್ದೆ” ಎಂದ ಕಾಸಿಂ. ಅದೇ ಕೊನೆಯ ಮಾತು. ಆ ವರ್ಷವೇ ಅಂಗಡಿ ಮುಚ್ಚಿ ಸೈಕಲ್ ರಿಪೇರಿಗೆ ಕೂತ. ಮಸ್ಕಿಯಿಂದ ಸಿಂಧನೂರು ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹತ್ತು ವರ್ಷ ನನಗೆ ಆ ದಾರಿ ಸಾಗಲಿಲ್ಲ.

ತೊಂಬತ್ತೈದರ ಸುಮಾರಿಗೆ ನಮ್ಮ ಕಡೆಯ ಹಗಲುವೇಷದ ಮೇಳಕ್ಕೆ ಲಂಡನ್ನಿನಲ್ಲಿ ಆಟ ತೋರಿಸಲು ಕರೆ ಬಂತು. ದುಭಾಷಿ ಯಾರು? ನಾನೇ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು, ಹಳೆಯ ಪುಸ್ತಕದಂಗಡಿಗಳ ಬೀದಿಗೆ ಹೊರಟೆ. ಮೇಳದ ಹಿರಿಯ ರಾಮಣ್ಣ ಬಾಗಿಲಲ್ಲೇ ತಡೆದ. “ಮಾಸ್ತರ, ಕಳದು ಗಿಳದು ಹೋದೀರಿ. ಹುಡುಕ್ಯಾಡಾಕ ನಮಗ ಇಂಗ್ಲಿಷ್ ಬರಂಗಿಲ್ಲ.”

ಮೊದಲ ಅಂಗಡಿಯಲ್ಲಿ ಪುಸ್ತಕಗಳ ಮೇಲೆ ಬೆಕ್ಕು ಮಲಗಿತ್ತು. ಎರಡನೆಯದರಲ್ಲಿ ಅಡುಗೆಯ ಪುಸ್ತಕವನ್ನು ಧರ್ಮಗ್ರಂಥಗಳ ನಡುವೆ ಸೇರಿಸಿ ಬಂದೆ. ಮೂರನೆಯದಕ್ಕೆ ನೆಲಮಾಳಿಗೆ ಇತ್ತು. ಮೆಟ್ಟಿಲಿಳಿದರೆ ಗೋಡೆ ಕಾಣದಷ್ಟು ಪುಸ್ತಕ, ಹಸಿ ಕಾಗದದ ವಾಸನೆ, ಒಂದೇ ಬಲ್ಬು. ಯಾರೂ ಇರಲಿಲ್ಲ. ಬಿಳಿಯರಿಗೂ ಒಮ್ಮೆ ಕತ್ತೆ ಅನ್ನಬೇಕು ಎಂದು ಆಸೆಯಾಯಿತು. ಕೈಗೆ ಸಿಕ್ಕ ದಪ್ಪ ಪುಸ್ತಕ ಎಳೆದು, ಪೆನ್ನು ತೆಗೆದು, ರಟ್ಟು ಬಿಚ್ಚಿದೆ.

ನಾನು ಬರೆಯಬೇಕೆಂದದ್ದು ಅಲ್ಲಿ ಆಗಲೇ ಬರೆದಿತ್ತು. ‘ನನ್ನ ಹೆಸರು ಬೇಕಾದರೆ 38ನೇ ಪುಟ ನೋಡು.’ ಕನ್ನಡದಲ್ಲಿ. ನನ್ನದೇ ಅಕ್ಷರದಲ್ಲಿ.

ಶಾಲೆಯ ಬೀರು ಖಾಲಿಯಾಗಿ, ರದ್ದಿಗೆ ಹೋಗಿ, ಯಾರದೋ ಕೈಗೆ ಬಿದ್ದು ಇಲ್ಲಿಗೆ ಬಂದಿರಬಹುದು. ಅಷ್ಟರ ಮಟ್ಟಿಗೆ ನನ್ನ ಬುದ್ಧಿ ಒಪ್ಪಿತು. ಮೂವತ್ತೆಂಟು ನೋಡಿದೆ. ನೂರ ಹನ್ನೆರಡು ನೋಡಿದೆ. ಇನ್ನೂರ ಮೂರರಲ್ಲಿ ಕತ್ತೆ ಇರಲಿಲ್ಲ. ಕಾಸಿಮನ ಅಕ್ಷರದಲ್ಲಿ ಒಂದೇ ಸಾಲು ಇತ್ತು, ಕೊನೆಗೆ ಆ ಪುಟ್ಟ ಗೆರೆಯೂ ಇತ್ತು.

‘ಲೇ ಮಸ್ಕಿ, ಇಲ್ಲೀತನಕ ಬಂದೀ, ಸಿಂಧನೂರಿಗೆ ಬರಾಕ ಆಗಲಿಲ್ಲೇನು’

ನಾನು ನೆಲದ ಮೇಲೆ ಕೂತೆ. ಮೇಲಿನಿಂದ ಅಂಗಡಿಯ ಮುದುಕಿ ಇಳಿದು ಬಂದು ಏನೋ ಕೇಳಿದಳು. ತಾಲ್ಲೂಕಿಗೇ ಒಬ್ಬನಾದ ಇಂಗ್ಲಿಷ್ ಪಂಡಿತನಿಗೆ ಒಂದು ಶಬ್ದವೂ ನೆನಪಾಗಲಿಲ್ಲ. “ನೀರು” ಎಂದೆ. ಆಕೆ ನೀರನ್ನೇ ತಂದುಕೊಟ್ಟಳು.

ಪುಸ್ತಕ ಕೊಂಡೆ. ಊರಿಗೆ ಬಂದವನು ಮನೆಗೆ ಹೋಗಲಿಲ್ಲ. ರಾಯಚೂರಿನ ಬಸ್ಸಿನಿಂದ ಸಿಂಧನೂರಿನಲ್ಲೇ ಚೀಲದ ಸಮೇತ ಇಳಿದೆ. ಕಾಸಿಂ ಚಕ್ರವೊಂದನ್ನು ತಿರುಗಿಸಿ ಅದರ ಡೊಂಕು ನೋಡುತ್ತಿದ್ದ. ತಲೆ ಬೆಳ್ಳಗಾಗಿತ್ತು. “ತಪ್ಪಾತು ದೋಸ್ತ” ಎಂದೆ. ಪುಸ್ತಕ ಕೊಟ್ಟೆ.

ಅವನು ಮೊದಲು ನನ್ನ ಕೋಟು ನೋಡಿದ. “ಏನ್ ಬೇ, ಇದ್ಯಾವ ವೇಷ?” ಆಮೇಲೆ ತಾನೇ ಒಂದೊಂದೇ ಪುಟ ಹುಡುಕಿದ. ಇನ್ನೂರ ಮೂರರ ಅಂಚಿನಲ್ಲಿ ಅವನ ಬೆರಳಿನ ಗ್ರೀಸು ಈಗಲೂ ಇದೆ.

“ಅಕ್ಷರ ನಂದೈತಿ” ಎಂದ. “ಆದ್ರ ಇದನ್ನ ನಾ ಬರದಿಲ್ಲ ಲೇ. ನಾ ಕತ್ತೆ ಅಂತ ಬರದಿದ್ದೆ. ಇದು ನಿಂದ ಆಟ ಏನು?”

“ಅಲ್ಲ.”

“ನಿಮ್ಮವ್ವನ ಆಣಿ?”

“ನಮ್ಮವ್ವನ ಆಣಿ.”

ಅವನು ನಂಬಿದ. ಹತ್ತು ವರ್ಷದ ಮೇಲೆ, ನನ್ನ ಜೀವನದ ಅತಿ ನಂಬಲಾಗದ ಮಾತನ್ನು ಕಾಸಿಂ ನಂಬಿದ. ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿ ಚಹ ಹೇಳಿದ.

ಆ ಶಾಯಿಯನ್ನು ಇಬ್ಬರೂ ಬಿಸಿಲಿಗೆ ಹಿಡಿದು ನೋಡಿದೆವು. ನನ್ನ ಅಕ್ಷರ ಎಷ್ಟು ಮಾಸಿತ್ತೋ ಅದೂ ಅಷ್ಟೇ ಮಾಸಿತ್ತು. ನಾವು ಹುಡುಗರಾಗಿದ್ದಾಗ ಕಾಸಿಂ ಸಿಂಧನೂರನ್ನು ಕಂಡೇ ಇರಲಿಲ್ಲ. ಲಂಡನ್ನು ನಮಗೆ ಭೂಪಟದಲ್ಲಿ ಒಂದು ಚುಕ್ಕೆ. ಮತ್ತೆ ಅದನ್ನು ಬರೆದವರು ಯಾರು? ಆ ಪುಸ್ತಕ ನನ್ನ ಟ್ರಂಕಿನಲ್ಲಿದೆ. ಕತ್ತೆ ವಾಪಸು ಬಂದಿದೆಯೋ ಎಂದು ಆಗಾಗ ತೆಗೆದು ನೋಡುತ್ತೇನೆ. ಬಂದಿಲ್ಲ.

ಇಷ್ಟರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ನೀವು ಪುಸ್ತಕ ಅಂದುಕೊಂಡಿರಿ. ಅಲ್ಲ. ಕಾಸಿಮನ ಮುಂದೆ ನಿಂತು “ತಪ್ಪಾತು” ಎಂದೆನಲ್ಲ, ಅದು ಸುಳ್ಳು. ಆ ಮಾತು ಬಾಯಿಗೆ ಬರಲಿಲ್ಲ. ಪುಸ್ತಕ ಮುಂದೆ ಹಿಡಿದು ಮೂಕನಂತೆ ನಿಂತಿದ್ದೆ, ಅಷ್ಟೇ. ಆಮೇಲೂ ಎಂದೂ ಅನ್ನಲಿಲ್ಲ, ಅವನೂ ಕೇಳಲಿಲ್ಲ. ಕಾಸಿಮಾ, ಇದನ್ನ ನೀ ಓದ್ತೀ ಅಂತ ಗೊತ್ತೈತಿ. ತಪ್ಪಾತು ಲೇ.