ಮಾಮಾನ ರಿಪೋರ್ಟು, ನನ್ನ ಹೆಬ್ಬೆರಳು

ನಮ್ಮ ಬಳಗದವರು ನನ್ನ ದವಾಖಾನೆಯ ಮೆಟ್ಟಿಲು ಹತ್ತುವುದು ಅಪರೂಪ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಪ್ಪತ್ತು ವರ್ಷಗಳಿಂದ ಬಾಗಿಲು ತೆರೆದು ಕೂತಿದ್ದೇನೆ. ಊರ ಮಂದಿ ಬರುತ್ತಾರೆ, ಸುತ್ತಲಿನ ಸುಳ್ಳ ಗ್ರಾಮದಂಥ ಹಳ್ಳಿಗಳಿಂದಲೂ ಬರುತ್ತಾರೆ, ಬಳಗದವರು ಮಾತ್ರ ಬರುವುದಿಲ್ಲ. ಅವರಿಗೆ ಚೀಟಿ ಹಿಡಿದು ಸರದಿಯಲ್ಲಿ ಕೂರಲು ಅವಮಾನ, ನಾನು ಫೀ ತಗೊಳ್ಳುವುದಿಲ್ಲ ಎಂಬ ಸಂಕೋಚ ಬೇರೆ. ಹಾಗಾಗಿ ಅವರ ಕಾಯಿಲೆಗಳನ್ನೆಲ್ಲ ನಾನು ನೋಡಿದ್ದು ಮದುವೆ ಮನೆಗಳಲ್ಲಿ. ಎಲೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಪಕ್ಕದಿಂದ ಒಂದು ಲಕೋಟೆ ಸರಿದು ಬರುತ್ತದೆ. "ಇದನ್ನೀಟು ನೋಡವಾ, ಸಕ್ಕರಿ ಎಷ್ಟೈತಿ?" ಎನ್ನುವ ಕಾಕಾನ ಎಲೆಯ ಮೇಲೆ ಆಗಲೇ ಎರಡನೇ ಹೋಳಿಗೆ ಬಿದ್ದಿರುತ್ತದೆ.

ಮೊಬೈಲು ಬಂದ ಮೇಲೆ ಲಕೋಟೆ ತಪ್ಪಿತು. ಎಲ್ಲರೂ ರಿಪೋರ್ಟಿನ ಫೋಟೋ ಹೊಡೆದು ವಾಟ್ಸಾಪಿಗೆ ಹಾಕತೊಡಗಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಬ್ಬೊಬ್ಬರಿಗೂ ಬಿಡಿಸಿ ಬರೆಯುತ್ತ ಕೂರುವ ತಾಳ್ಮೆ ಎಲ್ಲಿಂದ ಬರಬೇಕು? ಕೆಡುಕೇನೂ ಕಾಣದಿದ್ದರೆ ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ಕೈ ತೊಳೆದುಕೊಳ್ಳುವುದನ್ನು ಕಲಿತೆ. ಅದಕ್ಕೂ ಮರ್ಯಾದೆ ಸಿಕ್ಕಿತು. "ಡಾಕ್ಟರ್ ಹೆಬ್ಬಟ್ಟ ತೋರ್ಸ್ಯಾರ" ಎಂದರೆ ನಮ್ಮ ಬಳಗದಲ್ಲಿ ಮುಂದೆ ಮಾತಿಲ್ಲ.

ಚೀಟಿ ಮಾಡಿಸಿ, ಸರದಿಯಲ್ಲಿ ಕೂತು ಬಂದವರು ಒಬ್ಬರೇ, ನನ್ನ ಅಕ್ಕನ ಗಂಡ. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಧಾರವಾಡದ ಹೈಸ್ಕೂಲೊಂದರಲ್ಲಿ ಜನ್ಮವಿಡೀ ಗಣಿತ ಕಲಿಸಿ ನಿವೃತ್ತರಾಗಿದ್ದರು. ಶಿಸ್ತಿನ ಮನುಷ್ಯ, ಬರುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ದಾರ ಕಟ್ಟಿ ತಂದಿದ್ದರು. ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಅವರ ತಂದೆ ಸಣ್ಣ ವಯಸ್ಸಿನಲ್ಲೇ ಎದೆನೋವಿನಿಂದ ಹೋದವರು. ಈಗ ರಕ್ತದಲ್ಲಿ ಕೊಬ್ಬೂ ಏರಿತ್ತು. ದಿನಕ್ಕೊಂದು ಗುಳಿಗೆ ಬರೆದುಕೊಟ್ಟೆ.

"ಎಷ್ಟು ದಿನಾ ತಗೋಬೇಕು, ಡಾಕ್ಟರಬಾಯಿ?" ಎಂದು ಕೇಳಿದರು. ನನ್ನನ್ನು ಛೇಡಿಸಲು ಅವರು ಕರೆಯುತ್ತಿದ್ದುದೇ ಹಾಗೆ.

"ಮೂರು ತಿಂಗಳಿಗೆ ರಕ್ತಾ ತಪಾಸಣಿ ಮಾಡಿಸ್ರಿ ಮಾಮಾ. ಆಮ್ಯಾಲೆ ನೋಡೂಣು."

ಇದು ಜೀವ ಇರುವ ತನಕದ ಗುಳಿಗೆ ಎಂದು ನಾನು ಹೇಳಬೇಕಾಗಿತ್ತು. ಹೊರಗೆ ಇನ್ನೂ ಹನ್ನೆರಡು ಮಂದಿ ಕೂತಿದ್ದರು. ಆಮೇಲೆ ನೋಡೋಣ ಎಂದರೆ ಮಾಸ್ತರರ ಕಿವಿಗೆ ಪರೀಕ್ಷೆ ಇದೆ ಎಂದಂತೆ ಕೇಳಿಸುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಆ ವರ್ಷ ನಾನೂ ಪರೀಕ್ಷೆಗೆ ಕೂತಿದ್ದೆ. ರಕ್ತದ ಕೊಬ್ಬು, ಹೃದಯದ ಅಪಾಯ, ಇವುಗಳ ಬಗ್ಗೆ ವೈದ್ಯರಿಗೆಂದೇ ನಡೆಸಿದ ಉನ್ನತ ತರಬೇತಿ ಅದು. ಹುಬ್ಬಳ್ಳಿಯ ಹೋಟೆಲೊಂದರ ಹಾಲಿನಲ್ಲಿ ಭಾನುವಾರಗಳಂದು ಪಾಠ. ಹೊರ ಊರಿನ ದೊಡ್ಡ ವೈದ್ಯರು ಬಂದು ಕೊಬ್ಬಿನ ಕೆಡುಕನ್ನು ಬಿಡಿಸಿ ಹೇಳುತ್ತಿದ್ದರು. ಮಧ್ಯಾಹ್ನ ನಾವೆಲ್ಲ ಸಾಲಾಗಿ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದೆವು. ನನ್ನ ವಯಸ್ಸಿನ ವೈದ್ಯರು ಬಹಳ ಇರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹೊಸ ಹುಡುಗರಿಗಿಂತ ನಾನು ಚುರುಕು ಎಂದು ತೋರಿಸುವ ಹುಕಿ ನನಗೆ. ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದೆ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ.

ಕೊನೆಯ ಭಾನುವಾರದ ಪಾಠ ನನಗೆ ಇವತ್ತಿಗೂ ಬಾಯಿಪಾಠವಿದೆ. ರಿಪೋರ್ಟನ್ನು ಓದಬೇಡಿ, ಎದುರಿಗೆ ಕೂತ ಮನುಷ್ಯನನ್ನು ಓದಿ ಎಂದರು ಅವತ್ತು ಬಂದ ವೈದ್ಯರು. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕಿದ ಮಿತಿ ಎಲ್ಲರಿಗೂ ಒಂದೇ, ಮನುಷ್ಯರ ಅಪಾಯ ಒಂದೇ ಅಲ್ಲ. ಒಬ್ಬನಿಗೆ ಛಲೋ ಎನಿಸುವ ಅಂಕಿ ಇನ್ನೊಬ್ಬನಿಗೆ ಏನೇನೂ ಸಾಲದು. ನಾನು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಎರಡನೇ ಗೆರೆ ಎಳೆಯುವಾಗಲೇ ಮೊಬೈಲು ನಡುಗಿತು. ಮೇಜಿನ ಕೆಳಗೆ ಹಿಡಿದು ನೋಡಿದೆ. ಮಾಮಾ ರಿಪೋರ್ಟು ಕಳಿಸಿದ್ದರು. ಮಿತಿ ದಾಟಿದ ಅಂಕಿಯ ಮುಂದೆ ಲ್ಯಾಬಿನವರು ಒಂದು ಚುಕ್ಕಿ ಹಾಕಿರುತ್ತಾರೆ. ಬೆರಳಿನಿಂದ ಮೇಲೆ ಕೆಳಗೆ ಸರಿಸಿದೆ, ಎಲ್ಲಿಯೂ ಚುಕ್ಕಿ ಇರಲಿಲ್ಲ. ಹೆಬ್ಬೆರಳು ಕಳಿಸಿದೆ. ಗುಳಿಗೆ ಕೆಲಸ ಮಾಡುತ್ತಿದೆ, ಹೀಗೇ ನಡೆಯಲಿ ಎನ್ನುವುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಮನಸ್ಸಿನಲ್ಲಿದ್ದದ್ದು ಧಾರವಾಡಕ್ಕೆ ಹೇಗೆ ಮುಟ್ಟಬೇಕು?

ಅವರು ಕೂಡಲೇ ಬರೆದರು: "ಪಾಸಾದೆ. ಇನ್ನ ಸೂಟಿ." ಓದಿ ನಕ್ಕೆ. ಪರೀಕ್ಷೆ ಮುಗಿದ ಹುಡುಗರಂತೆ ರಜೆ ಸಾರಿದ್ದು ಮಾಮಾನ ಚೇಷ್ಟೆ ಎಂದುಕೊಂಡು ಮೊಬೈಲನ್ನು ಪರ್ಸಿನೊಳಗೆ ಹಾಕಿದೆ.

ಅರ್ಧ ಗಂಟೆಗೆ ಪರೀಕ್ಷೆಯ ಹಾಳೆ ಹಂಚಿದರು. ಅದರಲ್ಲೊಂದು ಪ್ರಶ್ನೆ: ವಯಸ್ಸಾದ ರೋಗಿ, ಸಕ್ಕರೆ ಕಾಯಿಲೆ, ತಂದೆ ಸಣ್ಣ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋಗಿದ್ದಾರೆ. ಗುಳಿಗೆ ತಗೊಂಡ ಮೇಲೆ ರಿಪೋರ್ಟು ಮಿತಿಯೊಳಗೆ ಬಂದಿದೆ. ಗುಳಿಗೆ ಬಿಡಲೇ ಎಂದು ಕೇಳುತ್ತಾರೆ, ನೀವೇನು ಮಾಡುವಿರಿ? ನಾಲ್ಕು ಉತ್ತರ ಕೊಟ್ಟಿದ್ದರು. ನಾನು ಕ್ಷಣವೂ ಯೋಚಿಸದೆ ಸರಿಯಾದುದಕ್ಕೆ ಗುರುತು ಹಾಕಿದೆ. ಗುಳಿಗೆ ಬಿಡಬಾರದು, ಸಾಲದಿದ್ದರೆ ಹೆಚ್ಚಿಸಬೇಕು, ಇದು ಜೀವನವಿಡೀ ಎಂದು ರೋಗಿಗೆ ತಿಳಿಯುವಂತೆ ಹೇಳಬೇಕು. ಪ್ರಶ್ನೆಯೊಳಗೆ ಕೂತಿದ್ದವರು ನಮ್ಮ ಮಾಮಾ ಎಂದು ನನಗೆ ಹೊಳೆಯಲೇ ಇಲ್ಲ. ಎಲ್ಲ ಉತ್ತರವೂ ಸರಿ ಬಂದವು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದವಾಖಾನೆಯ ಗೋಡೆಗೆ ತೂಗುಹಾಕಿದೆ.

ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮಾಮಾ ವಾಕಿಂಗ್ ಮುಗಿಸಿ ಬಂದು ಮನೆಯ ಮೆಟ್ಟಿಲ ಮೇಲೆ ಬೂಟು ಬಿಚ್ಚಲು ಕೂತವರು ಏಳಲಿಲ್ಲ. ಅಕ್ಕನ ಫೋನು ಬಂದ ಕೂಡಲೇ ಕಾರು ತೆಗೆದೆ. ಧಾರವಾಡದ ದಾರಿಯಲ್ಲಿ ನವಲೂರು ದಾಟುವಾಗ ಎರಡನೇ ಫೋನು ಬಂತು, ಇನ್ನು ಅವಸರ ಮಾಡಬೇಡ ಎಂದು.

ವಾರ ಕಳೆದ ಮೇಲೆ ಅಕ್ಕ ಅವರ ಕಪಾಟು ತೆರೆದಳು. ನಾನೂ ಪಕ್ಕದಲ್ಲಿದ್ದೆ. ಸಕ್ಕರೆಯ ಗುಳಿಗೆ ಮುಗಿಯುತ್ತ ಬಂದಿತ್ತು. ನಾನು ಬರೆದುಕೊಟ್ಟದ್ದು ಮಾತ್ರ ಹಾಗೇ ಇತ್ತು. ಅಕ್ಕ ತಿಂಗಳು ತಿಂಗಳು ಮೆಡಿಕಲ್ ಅಂಗಡಿಯಿಂದ ತಂದುಕೊಟ್ಟದ್ದನ್ನು, ಅವಳೊಡನೆ ವಾದ ಯಾಕೆಂದು, ರಬ್ಬರ್ ಹಾಕಿ ಒಳಗಿಟ್ಟಿದ್ದರು. ಅದರ ಕೆಳಗೆ ರಿಪೋರ್ಟು. ಅದರ ಮೇಲೆ ಮೂಲೆಯಲ್ಲಿ, ಮಕ್ಕಳ ಪೇಪರು ತಿದ್ದುತ್ತಿದ್ದ ಅದೇ ಕೆಂಪು ಶಾಯಿಯಲ್ಲಿ, 'ಉತ್ತೀರ್ಣ' ಎಂದು ಬರೆದು ತಾರೀಖು ಹಾಕಿದ್ದರು. ಅದು ಆ ಭಾನುವಾರದ ತಾರೀಖು.

"ನೋಡ ಇವರ ಹಟಾ!" ಎಂದು ಅಕ್ಕ ಅಳುತ್ತಲೇ ಸಿಟ್ಟಿಗೆದ್ದಳು. "ನೀ ಹೇಳಿದ ಗುಳಿಗಿ ಬಿಟ್ಟು, ತಮಗ ತಾವ ಮಾರ್ಕ್ಸ್ ಹಾಕ್ಕೊಂಡು ಕುಂತಾರ. ಮನ್ಯಾಗ ಡಾಕ್ಟರ್ ಇದ್ದು ಏನ್ ಬಂತು, ಕೇಳವರ ಇಲ್ಲಂದ್ರ?"

ಅವಳಿಗೆ ನನ್ನ ಹೆಬ್ಬೆರಳಿನ ಸಂಗತಿ ಗೊತ್ತಿರಲಿಲ್ಲ. ಹೇಳುವ ಬದಲು ಗುಳಿಗೆಗಳಿಗೆ ಮತ್ತೆ ರಬ್ಬರ್ ಹಾಕಿ ಕಪಾಟಿನೊಳಗಿಟ್ಟೆ. ಗುಳಿಗೆ ನುಂಗಿದ್ದರೆ ಉಳಿಯುತ್ತಿದ್ದರು ಎಂದು ಯಾವ ವೈದ್ಯನೂ ಆಣೆ ಮಾಡಿ ಹೇಳಲಾರ, ನಿಜ. ಆ ಮಾತನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡೆ. ಹೇಳಿಕೊಂಡಷ್ಟೂ ನಾಚಿಕೆಯಾಯಿತು.

ಆಮೇಲೆ ಬಳಗದಲ್ಲೆಲ್ಲ ಅದೇ ಮಾತು. ಮಾಸ್ತರ್ರು ಹಟಮಾರಿ, ಮನೆಯಲ್ಲೇ ಡಾಕ್ಟರ್ ಇದ್ದರೂ ಕೇಳಲಿಲ್ಲ. ಸರದಿಯಲ್ಲಿ ಕೂತು ಬಂದ ಒಬ್ಬನೇ ಮನುಷ್ಯನಿಗೆ ಈ ಹೆಸರು. ನಾನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದೆ. ಅಕ್ಕ ದಿನಾ ಬೆಳಿಗ್ಗೆ ಮಾಮಾನ ಫೋಟೋಕ್ಕೆ ವಿಭೂತಿ ಹಚ್ಚುವಾಗ ಬೈಯುತ್ತಿದ್ದಳು. "ನಾ ತಂದಿಟ್ಟದ್ದನ್ನ ಮುಚ್ಚಿಟ್ರಿ. ನನಗ ಮೋಸಾ ಮಾಡಿದ್ರಿ" ಎನ್ನುತ್ತಿದ್ದಳು. ಅವಳ ಮನೆಯಲ್ಲಿ ಉಳಿದುಕೊಂಡ ದಿನಗಳಲ್ಲಿ ಈ ಮಾತು ಕಿವಿಗೆ ಬೀಳದಿರಲೆಂದು ಬಚ್ಚಲುಮನೆಗೆ ಹೋಗಿ ನಳ ತಿರುವುತ್ತಿದ್ದೆ.

ವರ್ಷದ ಕಾರ್ಯ ಮುಗಿಯಿತು. ಉಂಡ ಮಂದಿ ಮಧ್ಯಾಹ್ನಕ್ಕೇ ಹೊರಟುಹೋದರು. ಅಕ್ಕ ಹಾರ ಸರಿಪಡಿಸುತ್ತ ಮತ್ತೆ ಶುರು ಮಾಡಿದಳು. ನನಗೆ ತಡೆಯಲಾಗಲಿಲ್ಲ. ಮೊಬೈಲು ತೆಗೆದು ಆ ಭಾನುವಾರದ ಸಂದೇಶಗಳನ್ನು ಅವಳ ಕೈಗೆ ಕೊಟ್ಟೆ.

"ಅಕ್ಕಾ, ಮಾಮಾ ನನ್ನ ಕೇಳಿದ್ರು. ನಾನ ಹೆಬ್ಬಟ್ಟ ತೋರ್ಸಿದೆ. ಬಿಡ್ರಿ ಅಂದಂಗ ತಿಳಕೊಂಡ್ರು. ಸೂಟಿ ಅಂತ ಬರದದ್ದನ್ನೂ ಓದಿದೆ. ಓದಿ ಸುಮ್ಮನಾದೆ."

ಅವಳು ಕನ್ನಡಕ ಹಾಕಿಕೊಂಡು ಓದಿದಳು. ಎರಡು ಸಲ ಓದಿದಳು. ಬೈಯಲಿ ಎಂದು ಕಾದೆ, ಹೊಡೆದರೂ ಹೊಡೆಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಹಂಗಾರ ಒಂದು ವರ್ಷ ನಾ ಇವರನ್ನ ಸುಮ್ಮಸುಮ್ಮನ ಬೈದ್ನಲ್ಲ" ಎಂದಳು.

ಎದ್ದು ಹೋಗಿ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿ, "ತಪ್ಪಾತ್ರಿ" ಎಂದಳು. ಆ ಮಾತು ಹೇಳಬೇಕಾದವಳು ನಾನು, ಅವಳ ಹಿಂದೆ ಕೈಕಟ್ಟಿ ನಿಂತಿದ್ದೆ.