ಬಸ್ಸಿನಲ್ಲಿ ಕಾದಂಬರಿ ಓದಿದ ಸಿಸ್ಟರ್

ಇಪ್ಪತ್ತು ವರ್ಷ ಲಸಿಕೆ ಡಬ್ಬಿ ಹೊತ್ತು ಸಿಸ್ಟರ್ ಅವರ ಎಡಭುಜ ಬಲಕ್ಕಿಂತ ಒಂದಿಷ್ಟು ಇಳಿದುಬಿಟ್ಟಿತ್ತು. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನವರು. ನಾನು ಕಾಲೇಜಿಗೆ ಪಾಠ ಮಾಡಲು, ಅವರು ದಾರಿಯ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರಕ್ಕೆ.

ಆ ವರ್ಷ ನನ್ನ ಕೊರಳಿಗೆ ಬಿದ್ದದ್ದು ಪ್ರಜ್ಞಾಪ್ರವಾಹ ತಂತ್ರದ ಒಂದು ಕಾದಂಬರಿ. ಮುದುಕಿಯೊಬ್ಬಳು ಮಂಚದ ಮೇಲೆ ಮಲಗಿದ್ದಾಳೆ, ನೂರು ಪುಟವಾದರೂ ಏಳುವುದಿಲ್ಲ. ಒಡೆದ ಬಟ್ಟಲು, ಸತ್ತ ಗಂಡ, ಯಾವುದೋ ಮದುವೆ, ಒಂದರ ಬೆನ್ನಿಗೆ ಒಂದು ನೆನಪು. ತಲೆ ಕೆಟ್ಟುಹೋಗಿ, ಗೈಡ್ ನೋಡಿ ಪಾಠ ಮುಗಿಸಿದರಾಯಿತೆಂದು ಪುಸ್ತಕ ಮುಚ್ಚಿದೆ.

"ಕೊಡ್ರಿಲ್ಲೆ ಮೇಡಂ, ನೋಡೂಣು," ಎಂದರು ಸಿಸ್ಟರ್.

ತುಟಿ ಅಲ್ಲಾಡಿಸುತ್ತಾ ದಿನಕ್ಕೆ ನಾಲ್ಕು ಪುಟ ಓದುವರು. ಊರು ಬಂತೆಂದರೆ ಗುರುತಿಗೆ ಹಾಳೆಯನ್ನೂ ಮಡಚದೆ ಇಳಿದುಬಿಡುವರು.

"ಕಥಿ ತಪ್ಪೂದಿಲ್ಲೇನ್ರಿ ಅಕ್ಕಾರ?" ಎಂದು ಛೇಡಿಸಿದೆ.

"ಈ ಮುದುಕೀನ ದಾರಿ ತಪ್ಪಿ ತಿರುಗಾಕತ್ಯಾಳ. ನಾನೂ ಆಕಿ ಹಿಂದ ಹೊಂಟೀನ್ರಿ," ಎಂದು ನಕ್ಕರು.

ಒಂದು ದಿನ ಅರ್ಧ ಪುಟಕ್ಕೇ ಪುಸ್ತಕ ಮುಚ್ಚಿ ಮನೆಯ ಸುದ್ದಿ ತೆಗೆದರು. ಅವರ ಮನೆಯಲ್ಲಿ ಲಕ್ವ ಹೊಡೆದ ಅತ್ತೆ ಇದ್ದರು. ಆ ಅತ್ತೆಯ ಮಾತು ಎಮ್ಮೆಯಿಂದ ಶುರುವಾಗಿ ತವರಿಗೆ ಹೋಗಿ ಸತ್ತ ಮಗಳಿಗೆ ಬಂದು ಮತ್ತೆ ಎಮ್ಮೆಗೆ ಹೋಗುತ್ತಿತ್ತಂತೆ.

"ಏನ್ ಬೇಕು ಅಷ್ಟ ಹೇಳ್ರಿ ಅಂತ ಮೂರು ವರ್ಷ ಬಾಯಿ ಮುಚ್ಚಿಸೀನ್ರಿ ಮೇಡಂ. ಅವರಿಗೆ ಏನೂ ಬೇಕಾಗಿದ್ದಿಲ್ಲ. ಹೇಳಾಕತ್ತಿದ್ರು, ಅಷ್ಟ."

ಅಂದಿನಿಂದ ಸಂಜೆ ಮನೆಗೆ ಹೋದವರು ಅರ್ಧ ತಾಸು ಅತ್ತೆಯ ಪಕ್ಕ ಕೂತು, ನಡುವೆ ಬಾಯಿ ಹಾಕದೆ ಕೇಳತೊಡಗಿದರು. ತಿಂಗಳೊಪ್ಪತ್ತಿಗೆ ಅತ್ತೆ ತೀರಿಕೊಂಡರು.

"ಎಮ್ಮಿ ಮಾರಿ ಮಗಳನ್ನ ದವಾಖಾನಿಗೆ ಒಯ್ದಿದ್ರಂತ್ರಿ. ಉಳೀಲಿಲ್ಲಂತ. ನಮ್ಮನ್ಯಾಗ ಯಾರಿಗೂ ಗೊತ್ತಿದ್ದಿಲ್ಲ," ಎಂದು ಬಸ್ಸಿನಲ್ಲೇ ಕಣ್ಣೊರೆಸಿಕೊಂಡರು. ಗೈಡ್ ಹಿಡಿದು ಹೊರಟಿದ್ದ ನನಗೆ ನಾಚಿಕೆಯಾಯಿತು. ಮರುದಿನ ಕಾದಂಬರಿಯನ್ನು ಮೊದಲ ಪುಟದಿಂದ ಮತ್ತೆ ಹಿಡಿದೆ.

ಹೋದ ವರ್ಷ ಸಿಸ್ಟರ್ ತೀರಿಹೋದರು. ಅದಕ್ಕೆ ಎರಡು ದಿನ ಮೊದಲು ಕೊಪ್ಪಳದ ಆಸ್ಪತ್ರೆಯಲ್ಲಿ ನೋಡಿ ಬರಲು ಹೋಗಿದ್ದೆ. ಮಂಪರಿನಲ್ಲಿದ್ದ ಸಿಸ್ಟರ್, ಲಸಿಕೆ ಡಬ್ಬಿಗೆ ಬರ್ಫ ಹಾಕ್ರಿ ಎಂದರು. ಬಸ್ ಯಾಕ ಬರಲಿಲ್ಲ ಎಂದರು. ಅತ್ತ್ಯಾರ ಊಟ ಆತೇನು ಎಂದರು.

"ಅವ್ವಾ, ಏನ್ ಬೇಕು ಹೇಳು, ಇಲ್ಲಾ ಸುಮ್ಮನ ಮಲಗು," ಎಂದ ಮಗ.

"ತಡೀಬ್ಯಾಡಪಾ, ಹೇಳ್ಲಿ," ಎಂದೆ.

ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತೆ. ಕುಷ್ಟಗಿಯ ಸಂಜೆ ಬಸ್ಸು ಹೋಗುವ ಹೊತ್ತಾಗಿತ್ತು, ಹೋಗಲಿ ಎಂದುಕೊಂಡೆ.